ಬಲೆಯ ಹಿಂದಿನ ಮಾತು

ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಮುದ್ದು ಮಗಳೇ,

ಚೆನ್ನಾಗಿದ್ದೀಯಾ? ನಿನ್ನ ಪತ್ರ ಬಂದು ತಿಂಗಳಾಗುತ್ತಾ ಬಂತು. ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ನನ್ನನ್ನು ಚೆನ್ನಾಗಿ ಬೈದುಬಿಡು, ಆಮೇಲೆ ಮುಂದೆ ಓದು. ಬಲಗೈ ಉಂಗುರದ ಬೆರಳಿಗೆ ಮತ್ತೆ ಪಟ್ಟಿ ಕಟ್ಟಿದ್ದರು. ಪೆನ್ನು ಹಿಡಿದರೆ ಅಕ್ಷರಗಳೆಲ್ಲ ಕುಡಿದವರ ಹಾಗೆ ತೂರಾಡುತ್ತಿದ್ದವು. ಅದು ನೆಪ. ನಿಜ ಏನೆಂದರೆ, ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಊಟ, ಬಟ್ಟೆ, ಬಾಡಿಗೆ ಮನೆಯ ಸೋರುವ ನಲ್ಲಿ, ಎಲ್ಲ ಬರೆದು ಕೊನೆಗೆ, 'ಅಮ್ಮ, ಆಡೋದು ಯಾವಾಗ ನಿಲ್ಲಿಸ್ತೀಯ?' ಎಂದು ಕೇಳಿದ್ದೆ. ಈಗ ಉತ್ತರವಿದೆ. ನಿನ್ನೆ ನಿಲ್ಲಿಸಿದೆ.

ಟೀವಿಯಲ್ಲಿ ನೋಡಿರುತ್ತೀಯೋ ಇಲ್ಲವೋ. ಕನ್ನಡಕದಂಗಡಿಯಲ್ಲಿ ಶನಿವಾರ ಉಸಿರಾಡಲೂ ಪುರುಸೊತ್ತಿರುವುದಿಲ್ಲ ಎಂದು ನೀನೇ ಹೇಳಿದ್ದೆ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಹೋದ ತಿಂಗಳು ನಮ್ಮ ಕೋಚ್ ನನ್ನನ್ನು ಕರೆದು ಕೂರಿಸಿಕೊಂಡಳು. ಅವಳು ಯಾರೆಂದು ನಿನಗೆ ಗೊತ್ತು. ನನ್ನ ಕಣ್ಣ ಮುಂದೆಯೇ ತಂಡಕ್ಕೆ ಸೇರಿ, ಆಡಿ, ಮಂಡಿ ಕೆಡಿಸಿಕೊಂಡು, ಈಗ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡಿರುವವಳು. ಬರುವ ಬೇಸಿಗೆಯ ಟೂರ್ನಿಯನ್ನೂ ಆಡಿಕೊಡಿ ಅಕ್ಕ ಅಂದಳು. ನನಗೆ ನಲವತ್ತು ದಾಟಿದೆಯಲ್ಲ ಎಂದೆ. ಗೋಲ್‌ಕೀಪರಿಗೆ ವಯಸ್ಸು ಎಲ್ಲಿದೆ, ಓಡುವವರು ನಾವು, ನೀವು ನಿಂತಿರುವವರು ಎಂದು ನಕ್ಕಳು. ಹೊಗಳಿದಳೋ ಕಾಲೆಳೆದಳೋ ತಿಳಿಯಲಿಲ್ಲ. ಆಸೆಯೇನೋ ಆಯಿತು, ಸುಳ್ಳೇಕೆ ಹೇಳಲಿ? ಶನಿವಾರದ ಪಂದ್ಯ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು ಎದ್ದು ಬಂದೆ.

ಪಂದ್ಯ ನಮ್ಮ ಹಳೇ ಮೈದಾನದಲ್ಲೇ ಇತ್ತು. ಎಲ್ಲರಿಗಿಂತ ಮೊದಲು ಹೋಗಿ ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬಳೇ ಕೂತೆ. ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಬೆಂಚು ಮಾತ್ರ ಅದೇ. ನೋವಿನ ಮುಲಾಮು, ಒದ್ದೆ ಟವೆಲ್ಲು, ರಬ್ಬರು ಸೇರಿದ ಆ ವಾಸನೆಯೂ ಅದೇ. ಕಣ್ಣು ಮುಚ್ಚಿದರೆ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ನನ್ನನ್ನು ಗೋಲಿಗೆ ನಿಲ್ಲಿಸಿದ್ದು ನಮ್ಮ ಬೀದಿಯ ಅಂಚೆಯವರು. ಬೆಳಗ್ಗೆ ಕಾಗದ ಹಂಚಿ, ಸಂಜೆ ಹುಡುಗಿಯರಿಗೆ ಫುಟ್ಬಾಲ್ ಕಲಿಸುತ್ತಿದ್ದರು. ನಾನು ಎತ್ತರವಿದ್ದೆ, ಅದಕ್ಕಿಂತ ಹೆಚ್ಚಾಗಿ ಬಾಯಿ ಜೋರಿತ್ತು. ಕಾಲಲ್ಲಿ ಚೆಂಡು ನಿಲ್ಲುತ್ತಿರಲಿಲ್ಲ. 'ನೀನು ಹಿಂದೆ ನಿಂತ್ಕೊಂಡು ಕೂಗ್ತಾ ಇರು, ಮಿಕ್ಕಿದ್ದು ಆಮೇಲೆ ನೋಡೋಣ' ಅಂದರು. ನಮ್ಮಪ್ಪನ ವೆಲ್ಡಿಂಗ್ ಶಾಪಿನ ಚರ್ಮದ ಗ್ಲೋವ್ಸ್ ಹಾಕಿಕೊಂಡು ನಿಂತೆ. ಅದರಲ್ಲಿ ಚೆಂಡೂ ನಿಲ್ಲುತ್ತಿರಲಿಲ್ಲ, ಬೆರಳೂ ಮಡಚುತ್ತಿರಲಿಲ್ಲ. ಅಂಗೈಯಲ್ಲಿ ಹೊಡೆದು ಆಚೆಗಟ್ಟುವುದನ್ನು ನಾನು ಕಲಿತದ್ದೇ ಹಾಗೆ. ಆಮೇಲೆ ಪೇಪರಿನವರು ಅದನ್ನು ನನ್ನ ಶೈಲಿ ಎಂದು ಬರೆದರು.

ದೇಶದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿ ನನ್ನ ಕಾಲ ಸಂದಿಯಲ್ಲೇ ಒಂದು ಗೋಲಾಯಿತು. ಮಿಕ್ಕವೂ ಏನು ಮಾನವಾಗಿ ಆಗಲಿಲ್ಲ ಬಿಡು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಹಾಗಾಗಿ ಡ್ರೈವರಿನ ಹಿಂದಿನ ಸೀಟಿಗೆ ಹೋಗಿ ಕೂತೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, 'ಅಷ್ಟು ದೊಡ್ಡ ಬಾಗಿಲು, ಕಾಯೋಕೆ ಒಬ್ಬಳೇನಾ? ಇನ್ನೊಬ್ಬರನ್ನ ಕೊಡಬೇಕಪ್ಪ' ಅಂದ. ಅಳುತ್ತಿದ್ದವಳಿಗೆ ನಗು ಬಂತು. ಆ ಡ್ರೈವರು ನಿಮ್ಮಪ್ಪ. ಈ ಕಥೆ ನಿನಗೆ ನೂರು ಸಲ ಹೇಳಿದ್ದೇನೆ. ಇವತ್ತು ಇನ್ನೊಂದು ಸಲ ಕೇಳಿಸಿಕೋ.

ಮದುವೆಯಾದ ಮೇಲೆ, ನಮ್ಮ ಊರಿನಲ್ಲಿ ಆಟ ಇದ್ದಾಗಲೆಲ್ಲ ಅವರು ಗೋಲಿನ ಬಲೆಯ ಹಿಂದೆ ಬಂದು ನಿಲ್ಲುತ್ತಿದ್ದರು. ಆಫ್‌ಸೈಡ್ ಅಂದರೇನೆಂದು ಕೊನೆಯವರೆಗೂ ಅವರ ತಲೆಗೆ ಹೋಗಲಿಲ್ಲ. ಚೆಂಡು ಆ ತುದಿಯಲ್ಲಿರುವಾಗ ಗೋಲ್‌ಕೀಪರಿನಷ್ಟು ಒಂಟಿ ಪ್ರಾಣಿ ಬೇರೆ ಇಲ್ಲ. ಸುತ್ತ ಅಷ್ಟೊಂದು ಜನ, ಮಾತಿಗೊಬ್ಬರಿಲ್ಲ. ಆಗ ಹಿಂದಿನಿಂದ ನಿಮ್ಮಪ್ಪನ ದನಿ ಬರುತ್ತಿತ್ತು: ನೀನು ಹಾಲು ಕುಡಿದೆಯೆಂದು, ಮನೆ ಮಾಲೀಕರು ಬಂದು ಹೋದರೆಂದು, ಒಗೆದ ಬಟ್ಟೆ ಒಣಗಿಲ್ಲವೆಂದು. ನಾನು ತಿರುಗದೆಯೇ ಉತ್ತರ ಕೊಡುತ್ತಿದ್ದೆ. ಒಮ್ಮೆ ಎದುರಾಳಿಗಳು ಕಾರ್ನರ್ ಒದೆಯಲು ಸಿದ್ಧರಾಗಿದ್ದಾಗ, 'ಲೇ, ಗ್ಯಾಸ್ ಆಫ್ ಮಾಡಿದ್ಯಾ?' ಎಂದರು. ಚೆಂಡನ್ನು ಹಿಡಿದೆ, ಆದರೆ ಮನಸ್ಸೆಲ್ಲ ಒಲೆಯ ಮೇಲಿತ್ತು. ರೆಫರಿ ಬಂದು ಅವರನ್ನು ಅಲ್ಲಿಂದ ಆಚೆ ಕಳಿಸಿದ. ಹೋಗುವಾಗ, ತಾನು ಅವಳ ಕೋಚ್ ಅಲ್ಲ, ಗಂಡ ಎಂದು ಅವನಿಗೆ ವಿವರಿಸುತ್ತಾ ಹೋದರು.

ನಿನ್ನೆ ಆ ಜಾಗದಲ್ಲಿ ಒಂದು ಜಾಹೀರಾತಿನ ಹಲಗೆ ಇತ್ತು.

ಮೊದಲರ್ಧ ಸಲೀಸಾಗಿ ಕಳೆಯಿತು. ಎರಡು ಒಳ್ಳೆ ಚೆಂಡು ಹಿಡಿದೆ, ನನ್ನ ಡಿಫೆಂಡರುಗಳನ್ನು ಹೊಟ್ಟೆ ತುಂಬ ಬೈದೆ. ಎಲ್ಲ ಮೊದಲಿನ ಹಾಗೇ ಇದೆ, ಬೇಸಿಗೆಯ ಟೂರ್ನಿಗೆ ಹೂಂ ಎಂದುಬಿಡೋಣ ಎಂದುಕೊಂಡೆ. ಎರಡನೆಯ ಅರ್ಧದಲ್ಲಿ ದೂರದಿಂದ ಒಂದು ಚೆಂಡು ಬಂತು. ಮೇಲೆ, ಎಡಕ್ಕೆ. ನೂರಾರು ಸಲ ಹಿಡಿದಿರುವಂಥದ್ದೇ. ಅದು ಒದೆದವಳ ಕಾಲು ಬಿಡುವ ಮೊದಲೇ ಎಲ್ಲಿಗೆ ಬರುತ್ತದೆಂದು ಗೊತ್ತಾಯಿತು. ಕಣ್ಣು ಹೇಳಿತು, ತಲೆ ಕೇಳಿಸಿಕೊಂಡಿತು, ಕಾಲು ಮಾತ್ರ ಯಾರದೋ ಮನೆಯ ಕಾಲಿನ ಹಾಗೆ ನಿಧಾನಕ್ಕೆ ಎದ್ದಿತು. ಹೇಗೋ ಬೆರಳ ತುದಿ ತಾಗಿ ಚೆಂಡು ಮೇಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಮ್ಮ ಹುಡುಗಿಯರು ಬಂದು ಬೆನ್ನು ತಟ್ಟಿದರು. ನಾನು ಬಿದ್ದಲ್ಲೇ ಕೂತಿದ್ದೆ. ಅದೃಷ್ಟ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಕೋಚಿನ ಕಡೆ ತಿರುಗಿ ಕೈ ಎತ್ತಿದೆ. ಏಟಾಯಿತೆಂದುಕೊಂಡು ಡಾಕ್ಟರು ಚೀಲ ಹಿಡಿದು ಓಡಿಬಂದರು. ನಾನೇ ಎದ್ದು ನಡೆದೆ. ಎಲ್ಲಿ ನೋವು ಎಂದು ಕೋಚ್ ಕೇಳಿದಳು.

'ಎಲ್ಲೂ ಇಲ್ಲ' ಅಂದೆ. 'ನನಗೆ ಸಾಕು. ಅವಳನ್ನ ಕಳಿಸು.'

ಅವಳು ನನ್ನ ಮುಖ ನೋಡಿ, ಬೆಂಚಿನ ಕಡೆ ತಿರುಗಿ ಕೈ ಬೀಸಿದಳು.

'ಅವಳು' ಎಂದರೆ ಜಿಂಕೆ. ಅದು ನಾವಿಟ್ಟ ಅಡ್ಡಹೆಸರು. ಎಷ್ಟೋ ವರ್ಷಗಳಿಂದ ನನ್ನ ಹಿಂದೆ ಬೆಂಚಿನ ಮೇಲೆ ಕಾದಿರುವ ಎರಡನೆಯ ಗೋಲ್‌ಕೀಪರ್. ನನಗೊಂದು ನೆಗಡಿಯೂ ಬರಲಿಲ್ಲವಲ್ಲ ಎಂದು ಅವಳಮ್ಮ ನನಗೆ ಶಾಪ ಹಾಕುತ್ತಿದ್ದರಂತೆ. ಅವಳು ಗ್ಲೋವ್ಸ್ ಎಳೆದುಕೊಳ್ಳುತ್ತಿದ್ದಳು. ನನಗೂ ಏನಾದರೂ ದೊಡ್ಡ ಮಾತು ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಇಷ್ಟೇ: 'ಎಡಗಡೆ ಕಂಬದ ಹತ್ತಿರ ಹುಲ್ಲು ಜಾರುತ್ತೆ, ನೋಡ್ಕೋ.'

'ಅಕ್ಕ, ನಾನೂ ದಿನಾ ಅಲ್ಲೇ ಬೀಳ್ತೀನಲ್ಲ' ಅಂದಳು.

ಇಬ್ಬರಿಗೂ ನಗು ಬಂತು. ಅಪ್ಪಿಕೊಂಡಳು, ಆಮೇಲೆ ಓಡಿದಳು. ಜನ ಎದ್ದು ನಿಂತಿದ್ದರು, ಎದುರು ತಂಡದವರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಅಳಲಿಲ್ಲ. ಬೆಂಚಿನಲ್ಲಿ ಕೂತು ನೋಡಿದರೆ ಆ ಗೋಲು ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತಾ? ಇಷ್ಟು ವರ್ಷ ಇದರ ಮುಂದೆ ಯಾವ ಧೈರ್ಯದಲ್ಲಿ ನಿಂತಿದ್ದೆನೋ ಎಂದು ಭಯವಾಯಿತು. ಪಂದ್ಯ ಸಮವಾಯಿತು. ಜಿಂಕೆ ಏನನ್ನೂ ಒಳಗೆ ಬಿಡಲಿಲ್ಲ.

ಇವತ್ತು ಬೆಳಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಶೂ ಕಟ್ಟಲು ಕೂತವಳು ಯಾಕೆಂದು ತಿಳಿಯದೆ ಮತ್ತೆ ಬಿಚ್ಚಿದೆ. ಅಡುಗೆಮನೆಯ ಮೇಲಿನ ಕಪಾಟು ಒರೆಸಿದೆ. ಪಕ್ಕದ ಮನೆಯ ಟೀಚರು ಬಂದು, ಇನ್ನು ಮೇಲಾದರೂ ಮನುಷ್ಯರ ಹಾಗೆ ಭಾನುವಾರ ಮಲಗಿ ಎಂದು ಹೇಳಿ ಹೋದರು. ಸಂಘದವರು ಮುಂದಿನ ತಿಂಗಳು ಸನ್ಮಾನ ಮಾಡುತ್ತಾರಂತೆ. ಅದಕ್ಕೆ ನೀನು ಬರಬೇಕೆಂದು ನಾನು ಹೇಳುವುದಿಲ್ಲ. ರಜೆ ಸಿಕ್ಕಾಗ ಮನೆಗೆ ಬಾ, ಸಾಕು. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ.

ಗಾಜು ಉಜ್ಜುವಾಗ ಕಣ್ಣು ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು. ಆಯಸ್ಸು, ಆರೋಗ್ಯ, ಮಾತಾಡಲು ಪಕ್ಕದಲ್ಲೊಬ್ಬರು, ಇಷ್ಟೂ ನಿನಗೆ ಸದಾ ಇರಲಿ ಕಂದ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಪತ್ರದಲ್ಲಿ ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದು. ನಿನ್ನೆ ಪೇಪರಿನವಳೊಬ್ಬಳು, ಯಾವ ಪಂದ್ಯ ಹೆಚ್ಚು ನೆನಪಾಗುತ್ತದೆ ಎಂದು ಕೇಳಿದಳು. ಎಲ್ಲರೂ ಕೇಳಬಯಸುವುದನ್ನೇ ಹೇಳಿದೆ, ಕಪ್ ಗೆದ್ದ ಪಂದ್ಯ, ಆ ಕೊನೆಯ ಪೆನಾಲ್ಟಿ. ಆ ದಿನ ಆಟಕ್ಕೆ ಮೊದಲು ಮನೆಗೆ ಫೋನ್ ಮಾಡಿದ್ದೆ. ನೀನು ಎತ್ತಿದೆ. 'ಅಪ್ಪ ಮಲಗಿದ್ದಾರಮ್ಮ. ನೀನು ಆಡಿ ಬಾ' ಅಂದೆ. ನೀನಿನ್ನೂ ಶಾಲೆಗೆ ಹೋಗುವವಳು. ದನಿ ಒಂಚೂರೂ ಅಲುಗಲಿಲ್ಲ. ರಾತ್ರಿ ಪಾಳಿ ಮಾಡಿ ಬಂದಿರಬೇಕೆಂದುಕೊಂಡೆ. ಹೋಗಿ ಆಡಿದೆ, ಗೆದ್ದೆ, ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಸಿದರು, ಜನ್ಮದಲ್ಲೇ ಅಷ್ಟು ನಕ್ಕಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ಮ್ಯಾನೇಜರು ಪಕ್ಕ ಕೂತು ಹೇಳಿದರು, ನಿಮ್ಮಪ್ಪ ಬೆಳಗ್ಗೆಯೇ ಹೋಗಿಬಿಟ್ಟಿದ್ದರೆಂದು.

ಅಂದಿನಿಂದ ನೀನು ಮೈದಾನಕ್ಕೆ ಕಾಲಿಟ್ಟಿಲ್ಲ, ನಾನೂ ಕರೆದಿಲ್ಲ. ಒಂದೇ ಅಡುಗೆಮನೆಯಲ್ಲಿ ಎದುರುಬದುರು ಕೂತು ಉಂಡೆವು, ಆ ಫೋನಿನ ಮಾತು ಇಬ್ಬರೂ ಎತ್ತಲಿಲ್ಲ. ಹಾಗೆ ಹೇಳೆಂದು ಅವರೇ ನಿನಗೆ ಹೇಳಿ ಹೋಗಿದ್ದರೋ, ನಿನಗೇ ತೋಚಿತೋ, ನನಗೆ ಗೊತ್ತಿಲ್ಲ. ಕೇಳಿದರೆ ನಾನು ಸಿಟ್ಟಾಗಿದ್ದೇನೆಂದು ನೀನು ತಿಳಿದೀಯೆಂದು ಹೆದರಿ ಕೇಳಲಿಲ್ಲ. ಸಿಟ್ಟಿಲ್ಲ ಮಗಳೇ, ಯಾವತ್ತೂ ಇರಲಿಲ್ಲ. ಆದರೆ ನಾನು ಆ ಮನೆಯಲ್ಲಿ ಇರಲಿಲ್ಲ, ನೀನು ಇದ್ದೆ. ಅವರು ಹೇಗೆ ಹೋದರು, ಏನಾದರೂ ಅಂದರಾ, ನೀನು ಒಬ್ಬಳೇ ಏನು ಮಾಡಿದೆ, ಇಷ್ಟನ್ನು ಬಂದಾಗ ಹೇಳು. ಅತ್ತರೂ ಪರವಾಗಿಲ್ಲ. ಎಷ್ಟು ಹೊತ್ತಾದರೂ ಕೂತು ಕೇಳುತ್ತೇನೆ. ಇನ್ನು ನನಗೆ ಎಲ್ಲಿಗೂ ಹೋಗಬೇಕಾಗಿಲ್ಲ.