ಮೇಯರರ ಹೆಗಲಪಟ್ಟಿ

ಮುದ್ದಿನ ಚಿಕ್ಕಮ್ಮ,

ಗಂಡನ ಊರು ಸ್ವರ್ಗ, ಗಂಡ ಮಾತ್ರ ತಲೆನೋವು! ಇಂದು ನನ್ನ ಅಲ್ಬೇನಿಯಾದ ಗೆಳತಿ ಬ್ಲೆರಿನಾ ಪುರಸಭೆಯಲ್ಲಿ ಪ್ರಮಾಣವಚನ ಹೇಳಿ ಇಟಲಿಯ ಪ್ರಜೆಯಾಗಬೇಕಿತ್ತು. ನಾನೂ ಜೊತೆಗೆ ಹೋಗಿದ್ದೆ. ಗಡುವಿನ ಕೊನೆಯ ದಿನ. ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ. ಮೇಯರ್ ಬೀರುವನ್ನೆಲ್ಲ ತಡಕಾಡಿ ಕುಸಿದು ಕುಳಿತರು. "ಹಸಿರು, ಬಿಳಿ, ಕೆಂಪು ಮೂರು ಬಣ್ಣದ ಹೆಗಲಪಟ್ಟಿ ಇಲ್ದೆ ನಾನು ಬರೀ ಔಷಧಿ ಅಂಗಡಿಯವನು ಕಣಮ್ಮ. ಪ್ರಮಾಣ ಹೇಗೆ ಮಾಡಿಸ್ಲಿ?"

ಪಟ್ಟಿ ಎಲ್ಲಿತ್ತು ಹೇಳಿ? ನಮ್ಮ ಮನೆಯಲ್ಲಿ! ಮೊನ್ನೆ ನಮ್ಮ ಮದುವೆ ಮಾಡಿಸಿದ್ದೂ ಇದೇ ಮೇಯರ್; ಮದುವೆ ಊಟದ ಹೊತ್ತಿನಲ್ಲಿ ಅದನ್ನು ಕುರ್ಚಿಗೆ ನೇತುಹಾಕಿದ್ದರಂತೆ. ನನ್ನ ಮಹಾರಾಯ ಕೊಸಿಮೊ ಸೊಂಟಕ್ಕೆ ಸುತ್ತಿಕೊಂಡು ಕುಣಿದವನು ಹಾಗೆಯೇ ಮನೆಗೆ ಬಂದಿದ್ದಾನೆ! ನಾನು ಫೋನಿನಲ್ಲಿ ಕಿರುಚಾಡಿದ ಮೇಲೆ, ಕಚೇರಿ ಮುಚ್ಚುವ ಹೊತ್ತಿಗೆ ಓಡಿ ಬಂದ. ಪಟ್ಟಿಯ ತುಂಬ ಟೊಮೆಟೊ ಕಲೆ. "ನೆನಪಿಗೆ ಅಂತ ಇಟ್ಕೊಂಡಿದ್ದೆ ಚಿನ್ನಾ" ಅಂತಾನೆ!

ಬ್ಲೆರಿನಾ ಪ್ರಮಾಣ ಮುಗಿಸಿ, ಕಣ್ಣೊರೆಸಿಕೊಂಡು, ಅವನ ಕಿವಿ ಹಿಂಡಿದಳು. "ಈ ದೇಶಕ್ಕೆ ಹನ್ನೆರಡು ವರ್ಷ ಕಾದೆ ಕಣೋ. ನಿನಗೆ ಕಾದ ಅರ್ಧ ಗಂಟೆನೇ ಅದಕ್ಕಿಂತ ಉದ್ದ!"

ಕಿರುಚಿ ನನ್ನ ಗಂಟಲು ಕಟ್ಟಿದೆ, ನಿಮ್ಮ ಜೇನು ಕಳಿಸಿ. ಅವನೀಗ ಪಟ್ಟಿ ಒಗೆಯುತ್ತಿದ್ದಾನೆ, ಬಿಸಿನೀರಲ್ಲಿ! ಬಿಳಿಗೆ ಕೆಂಪು ಹತ್ತುವ ಮೊದಲು ಓಡಬೇಕು.

ನಿಮ್ಮ ರೊಸೆಲ್ಲಾ