ಸುದ್ದಿ ಬಂದದ್ದು ಮೂರನೆಯವರಿಂದ

ಮಾರ್ಚ್ ೩೦, ೨೦೨೫. ಭಾನುವಾರ, ಯುಗಾದಿ. ವುಡ್‌ರಿಡ್ಜ್

ಸೂತಕದಲ್ಲಿ ದೇವರಿಗೆ ದೀಪ ಹಚ್ಚಿಬಿಟ್ಟೆ. ಒಬ್ಬಟ್ಟೂ ತಟ್ಟಿದೆ. ಗೊತ್ತಿಲ್ಲದೆ ಮಾಡಿದ್ದಕ್ಕೆ ದೋಷವಿಲ್ಲ ಎನ್ನುತ್ತಾರೆ.

ಬೆಳಿಗ್ಗೆ ಮೊಮ್ಮಗಳು ಇಂಚರ ಶಾಲೆಯ ಪಾಠ ಹೇಳುತ್ತಿದ್ದಳು. ಪೋಲೆಂಡ್, ಲಿಥುವೇನಿಯಾ ಅಂತ ಅಕ್ಕಪಕ್ಕದ ದೇಶಗಳು. ಒಂದು ಊರಿಗಾಗಿ ಜಗಳವಾಡಿ, ಹದಿನೆಂಟು ವರ್ಷ ಒಬ್ಬರ ರಾಯಭಾರಿ ಇನ್ನೊಬ್ಬರಲ್ಲಿ ಇರಲಿಲ್ಲವಂತೆ. ಟಪಾಲೂ ಇಲ್ಲ, ರೈಲೂ ಇಲ್ಲ. ಕೊನೆಗೆ ಪೋಲೆಂಡ್ ಹೆದರಿಸಿದ ಮೇಲೆ ರಾಯಭಾರಿಗಳು ಬಂದರು, ಮರುವರ್ಷವೇ ಎರಡನೇ ಮಹಾಯುದ್ಧ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಹೊಳೆದದ್ದು ಒಂದೇ ಪ್ರಶ್ನೆ.

"ಆ ಕಡೆ ಯಾರಾದ್ರೂ ಸತ್ರೆ ಈ ಕಡೆಯವ್ರಿಗೆ ಯಾರೇ ಹೇಳ್ತಿದ್ರು?"

"ಮೇಬಿ ಎ ಥರ್ಡ್ ಕಂಟ್ರಿ, ಅಜ್ಜಿ. ಐ ಡೋಂಟ್ ನೋ."

ಇವರು, ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತಲಿಲ್ಲ. ಡೆಟ್ರಾಯಿಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿರುವ ತಮ್ಮ ಚಂದ್ರಮೌಳಿಯ ಜೊತೆ ಇವರು ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಅತ್ತೆಯ ಶ್ರಾದ್ಧ ಯಾರ ಮನೆಯಲ್ಲಿ ಎಂಬುದಕ್ಕೆ ಶುರುವಾದ ಜಗಳ.

ಹಬ್ಬದೂಟ ಆದಮೇಲೆ, ಎರಡೂ ಮನೆಗೆ ಪರಿಚಯದ ಡೆಟ್ರಾಯಿಟ್ ಕಡೆಯ ಅನುರಾಧಾ ಫೋನ್ ಮಾಡಿದರು.

"ಪದ್ಮಕ್ಕ, ಸಮಾಧಾನ ಮಾಡ್ಕೊಳ್ಳಿ."

"ಯಾತಕ್ಕೆ?" ಅಂದೆ. ನಮಗೆ ವಿಷಯವೇ ಗೊತ್ತಿಲ್ಲವೆಂದು ಆಕೆಗೆ ಆಗಲೇ ತಿಳಿದದ್ದು. ಮೈದುನ ಗುರುವಾರವೇ ತೀರಿಕೊಂಡರಂತೆ.

ತೋರಣ ಬಿಚ್ಚಿದೆ. ನಾಳೆ ಹೋದರೆ ಓರಗಿತ್ತಿ ಬಾಗಿಲು ತೆಗೆಯುತ್ತಾಳೋ ಇಲ್ಲವೋ. ತೆಗೆದರೆ ಏನಂತ ಮಾತು ಶುರು ಮಾಡಲಿ? ತಲೆಗೆ ಸ್ನಾನ ಮಾಡಿ ಬಂದ ಇವರು ಕೇಳಿದರು.

"ಅವನ ಮನೆಗೆ ಹೈವೇಲಿ ಯಾವ ಎಕ್ಸಿಟ್ ತಗೋಬೇಕು, ಪದ್ಮ? ನಂಗೆ ಮರ್ತೇ ಹೋಗಿದೆ."

ನನಗೂ ನೆನಪಾಗಲಿಲ್ಲ. ಅದನ್ನೂ ಅನುರಾಧಾರನ್ನೇ ಕೇಳಬೇಕು.