ಜೋಮು

ಅಪ್ಪ,

ಇವತ್ತು ದಾವಣಗೆರೆ ಆಸ್ಪತ್ರೆಯಲ್ಲಿ ನಮ್ಮ ಹರಿಹರದ ಟೈಲರ್ ಮಸ್ತಾನಸಾಬರ ಹರ್ನಿಯಾ ಆಪರೇಷನ್ ಆಯಿತು. ಬೆಳಿಗ್ಗೆ ಅವರು, “ಗ್ಯಾನ ತಪ್ಪಿಸಿದ್ಮ್ಯಾಲೆ ಎಚ್ಚರಾಗದಿದ್ರೆ?” ಎಂದು ಮಂಚದಿಂದ ಇಳಿದೇಬಿಟ್ಟಿದ್ದರು. ಮದರಾಸಿನ ಆ ಡಾಕ್ಟರಿಗೆ ಇನ್ನೂ ಕನ್ನಡ ಬಾರದು. ಅವರ ಇಂಗ್ಲಿಷನ್ನು ನಾನೇ ಬಿಡಿಸಿ ಹೇಳಿದೆ.

“ಗ್ಯಾನ ತಪ್ಪಲ್ಲ ಚಾಚಾ. ಬೆನ್ನಿಗೆ ಸೂಜಿ ಹಾಕ್ತಾರೆ, ಸೊಂಟದ ಕೆಳಗೆ ಜೋಮು ಹಿಡಿದಂಗಾಗ್ತೈತೆ. ನೀವು ಮಾತಾಡ್ತಾನೇ ಇರ್ರಿ.”

“ಹಂಗಾದ್ರೆ ಡಾಕ್ಟ್ರ ಹೊಲಿಗೆ ನೆಟ್ಟಗೈತೋ ಇಲ್ಲೋ ನಾನೇ ನೋಡ್ತೀನಿ, ನಡೀ ತಾಯಿ!”

ಚೆನ್ನಾಗಿದ್ದಾರೆ. ಇಡೀ ವಾರ್ಡಿಗೆ ಕೇಳುವಂತೆ ಮಾತಾಡಿದವಳು, ನಾಲ್ಕು ಜನರೆದುರು ಬಾಯಿ ಬಿಡಲು ನಾಚುತ್ತಿದ್ದ ನಾನೇ, ನಂಬಿ.

ನೀವು ತೀರಿಕೊಳ್ಳುವುದಕ್ಕೆ ಒಂದು ತಿಂಗಳ ಮೊದಲು, ಇದೇ ಭಯಕ್ಕೆ ಇದೇ ಆಪರೇಷನ್ ಬೇಡವೆಂದು ಎದ್ದು ಬಂದಾಗಲೂ ಆ ಡಾಕ್ಟರು ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರು. ಆಗಲೇ ಬಿ.ಎ. ಮುಗಿಸಿದ್ದ ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ.